ಮೆಟ್ಟಿಲ ಕೆಳಗೆ ಕೂತವರು

ಬಾದಾಮಿಗೇ ಹೋಗುವುದು ಎಂದು ಒಪ್ಪಿಕೊಳ್ಳಲು ಅವರಿಗೆ ಎರಡು ದಿನ ಸಾಕಾಯಿತು. ಕೆಳಗಿನ ಮಹಡಿಯ ರೂಮು ಯಾರಿಗೆ ಎಂಬುದು ಮಾತ್ರ ಎರಡು ತಿಂಗಳಾದರೂ ಬಗೆಹರಿಯಲಿಲ್ಲ.

ಅವರು ಅಂದರೆ 1970ರಲ್ಲಿ ಹುಬ್ಬಳ್ಳಿಯ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜು ಸೇರಿ 1975ರಲ್ಲಿ ಸಿವಿಲ್ ಡಿಗ್ರಿ ಹಿಡಿದು ಹೊರಬಿದ್ದವರು. ಆಗ ಬಿ.ಇ. ಐದು ವರ್ಷದ್ದು. ನಮ್ಮನೆಯವರೂ ಆ ಗುಂಪಿನವರೇ. ನಾನು ಮೈಸೂರಿನವಳು, ಹೈಸ್ಕೂಲಿನಲ್ಲಿ 33 ವರ್ಷ ಕನ್ನಡ ಪಾಠ ಹೇಳಿದವಳು. ಮದುವೆಯಾದಾಗಿನಿಂದ ಇವರ ಗೆಳೆಯರ ಕೂಟಗಳಿಗೆ ಬಾಲದ ಹಾಗೆ ಹೋಗಿ ಬಂದಿದ್ದೇನೆ. ಹೋದಲ್ಲೆಲ್ಲ ಗಂಡಸರು ಅದೇ ಹಾಸ್ಟೆಲ್ ಕಥೆ ಹೇಳಿಕೊಂಡು ನಗುವುದು, ಹೆಂಗಸರು ಮಕ್ಕಳ ಕೆಲಸ, ಸೊಸೆಯಂದಿರ ಸುದ್ದಿ ಮಾತಾಡುವುದು. ಈ ಸಲ ಡಿಗ್ರಿಗೆ 50 ವರ್ಷ ತುಂಬಿತು. ದಸರೆ ಕಳೆದು ಶೀಗಿ ಹುಣ್ಣಿಮೆಯ ಹೊತ್ತಿಗೆ, ಮಳೆ ಹಿಂದಾಗಿ ಬಿಸಿಲು ಇನ್ನೂ ಸುಡದ ದಿನಗಳಲ್ಲಿ ಹೋಗೋಣ ಎಂದರು. ರೆಸಾರ್ಟ್ ಬೇಡ, ಸರ್ವೆ ಕ್ಯಾಂಪು ಹಾಕಿದ್ದ ಜಾಗಕ್ಕೇ ಹೋಗೋಣ ಎಂದರು.

ನನಗೂ ಒಂದು ಸ್ವಾರ್ಥ ಇತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲ ದಿನ, ಭಾನುವಾರ

ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಿಂದ ಇಳಿದಾಗ ಪ್ಲಾಟ್‌ಫಾರಂ ಮೇಲೆ ಡಂಪಿ ನಿಂತಿದ್ದರು. ಡಂಪಿ ಲೆವೆಲ್ ಅನ್ನುವುದು ಸರ್ವೆಯಲ್ಲಿ ನೆಲದ ಮಟ್ಟ ನೋಡುವ ಕುಳ್ಳ ಉಪಕರಣ. ಆಕಾರ ನೋಡಿ ಮೊದಲ ವರ್ಷವೇ ಇಟ್ಟ ಹೆಸರು. ಉದ್ದಕ್ಕೆ ತೆಳ್ಳಗಿದ್ದವರು ಪ್ಲಂಬ್ ಬಾಬ್, ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರದಲ್ಲಿ ಇಳಿಬಿಡುವ ತೂಕ. ಕ್ಯಾಂಪಿನಲ್ಲಿ ಯಾವಾಗಲೂ ಸರಪಳಿ ಹೊತ್ತು ಓಡಾಡುತ್ತಿದ್ದವರು ಚೈನ್. ಅತ್ತಿತ್ತ ಕತ್ತು ತಿರುಗಿಸಿ ಎಲ್ಲವನ್ನೂ ನೋಡುವ ನಮ್ಮನೆಯವರು ಥಿಯೋಡೋಲೈಟ್, ಸಣ್ಣದಾಗಿ ಥಿಯೋ. ಅದು ದುರ್ಬೀನು ತಿರುಗಿಸಿ ಕೋನ ಅಳೆಯುವ ಉಪಕರಣ. ಹೆಂಡಿರಿಗೂ ಅದೇ ಹೆಸರು, ಹಿಂದೆ ವೈನಿ, ಅಂದರೆ ಅತ್ತಿಗೆ, ಸೇರಿಸಿಕೊಂಡು. ನಾನು ಥಿಯೋ ವೈನಿ. ಮೈಸೂರಿನಲ್ಲಿ ಕೂತು ಇದನ್ನು ಯಾರಿಗಾದರೂ ವಿವರಿಸಲು ಹೋದರೆ ಚರ್ಚಿಗೆ ಸೇರಿದವಳು ಅಂದುಕೊಂಡಾರು.

'ಬರ್ರಿ ವೈನಿ, ಮೊಣಕಾಲು ಹ್ಯಾಂಗದಾವು?' ಎಂದರು ಡಂಪಿ. ಎಪ್ಪತ್ತು ದಾಟಿದ ಮೇಲೆ ಕುಶಲ ಕೇಳುವ ಕ್ರಮ ಇದೇ. ಮಕ್ಕಳ ವಿಚಾರ ಆಮೇಲೆ.

ಸ್ಟೇಷನ್ನಿನಿಂದ ಊರು ಐದು ಕಿಲೋಮೀಟರ್. ಲಾಡ್ಜ್ ತಲುಪಿದರೆ ಲಿಫ್ಟಿನ ಬಾಗಿಲಿಗೆ ಹಗ್ಗ ಕಟ್ಟಿತ್ತು. ಹುಬ್ಬಳ್ಳಿ, ಬೆಳಗಾವಿ, ಪುಣೆಗಳಿಂದ ಕಾರಿನಲ್ಲಿ ಬಂದವರು, ನ್ಯೂಜೆರ್ಸಿಯಿಂದ ಬಂದ ಒಬ್ಬರು, ಎಲ್ಲ ಸೇರಿ ಹನ್ನೊಂದು ಜನ ಸಹಪಾಠಿಗಳು, ಒಂಬತ್ತು ಜನ ನಾವು. ಕೆಳಗಿರುವ ರೂಮು ಐದೇ. ಹೆಚ್ಚಿನವರು ಸರ್ಕಾರಿ ನೌಕರಿ ಮಾಡಿದವರು, ರೋಸ್ಟರ್ ಹಾಕುವುದು ಗೊತ್ತಿತ್ತು: ಮಂಡಿ ಬದಲಿಸಿಕೊಂಡವರಿಗೆ ಮೊದಲ ಹಕ್ಕು, ಬದಲಿಸಿಕೊಳ್ಳಿ ಎಂದು ಡಾಕ್ಟರು ಹೇಳಿಯೂ ಮುಂದೂಡುತ್ತ ಬಂದವರಿಗೆ ಎರಡನೆಯದು, ಎದೆಯೊಳಗೆ ಸ್ಟೆಂಟ್ ಇರುವವರಿಗೆ ಮೂರನೆಯದು. ನನಗೆ ಎರಡನೇ ಕೋಟಾದಲ್ಲಿ ಸಿಕ್ಕಿತು. ನನ್ನ ದೆಸೆಯಿಂದ ಇವರಿಗೂ.

ಮೇಲಿನ ರೂಮೇ ಬೇಕು ಎಂದು ಕೇಳಿ ಪಡೆದವರು ಒಬ್ಬರೇ. ಚೈನ್ ವೈನಿ. ಚೈನ್ 2021ರಲ್ಲಿ, ಕೋವಿಡ್ಡಿನ ಎರಡನೇ ಅಲೆಯಲ್ಲಿ ಹೋದರು. ಅವರ ಹೆಂಡತಿಯನ್ನು ಕರೆಯುವುದೋ ಬೇಡವೋ, ಕರೆದರೆ ಬೇಜಾರಾದೀತೋ, ಕರೆಯದಿದ್ದರೆ ಇನ್ನೂ ಬೇಜಾರಾದೀತೋ ಎಂದು ಗಂಡಸರು ಗುಸುಗುಸು ಮಾಡುತ್ತಿದ್ದಾಗ ಆಕೆಯೇ ಡಂಪಿಗೆ ಫೋನ್ ಮಾಡಿ, 'ನಾ ಬರಬಾರದೇನ್ರಿ?' ಎಂದು ಕೇಳಿದರಂತೆ. ಅಲ್ಲಿಗೆ ಮುಗಿಯಿತು. ಅರವತ್ತೊಂಬತ್ತು ವಯಸ್ಸು, ಕಾಲು ಮಾತ್ರ ಹುಡುಗಿಯದು. ತಮ್ಮ ಚೀಲ ತಾವೇ ಎತ್ತಿಕೊಂಡು ದಡದಡ ಮಹಡಿ ಹತ್ತಿಬಿಟ್ಟರು.

ಮಧ್ಯಾಹ್ನ ಬನಶಂಕರಿಗೆ. ದೊಡ್ಡ ಜಾತ್ರೆ ಬನದ ಹುಣ್ಣಿಮೆಗೆ, ಜನವರಿಯ ಸುಮಾರಿಗೆ, ಹಾಗಾಗಿ ಈಗ ನೂಕುನುಗ್ಗಲಿಲ್ಲ. ದೇವಿಗೆ ಕೈಮುಗಿದು ಹೊರಬಂದರೆ ಬುಟ್ಟಿ ಹೊತ್ತ ಹೆಂಗಸರು ಸುತ್ತುವರಿದರು. ಅವರಲ್ಲೊಬ್ಬಾಕೆ ಹೊಂಡದ ಪಕ್ಕದ ನೆರಳಲ್ಲಿ ನಮ್ಮನ್ನು ಕೂರಿಸಿ, ತಟ್ಟೆಗೆ ಎರಡು ಖಡಕ್ ರೊಟ್ಟಿ, ಬದನೆಕಾಯಿ ಪಲ್ಯ, ಝುಣಕ, ಕೆಂಪು ಖಾರ ಹಾಕಿ, ಸಣ್ಣ ಕುಡಿಕೆಯನ್ನು ಬೋರಲು ಹಿಡಿದು ತೋರಿಸಿದಳು. ಮೊಸರು ಅಲ್ಲಾಡಲಿಲ್ಲ. ನ್ಯೂಜೆರ್ಸಿಯವರ ಹೆಂಡತಿ ಶುಗರ್ ಲೆಕ್ಕ ಹಾಕುತ್ತ ಒಂದೇ ರೊಟ್ಟಿ ಎಂದರು. ನಾಲ್ಕು ತಿಂದರು.

ಸಂಜೆ ಅಗಸ್ತ್ಯ ತೀರ್ಥದ ದಂಡೆಯಲ್ಲಿ ಭೂತನಾಥ ಗುಡಿಯವರೆಗೆ ನಡೆದೆವು. ಸಮತಟ್ಟು ದಾರಿ, ಎಲ್ಲರೂ ಬಂದರು. ಮಳೆಗಾಲದ ನೀರು ಕೆರೆಯಲ್ಲಿ ತುಂಬಿತ್ತು. ಮೂರು ಕಡೆ ಎದ್ದ ಕೆಂಪು ಬಂಡೆ ಇಳಿಬಿಸಿಲಿಗೆ ಇನ್ನಷ್ಟು ಕೆಂಪಾಗಿ ನೀರಿನಲ್ಲಿ ತಲೆಕೆಳಗಾಗಿ ನಿಂತಿತ್ತು. ಚಾಲುಕ್ಯರ ಒಂದನೇ ಪುಲಕೇಶಿ ಇಲ್ಲಿ ಕೋಟೆ ಕಟ್ಟಿದ್ದು 543ರಲ್ಲಿ. ಕಲ್ಲೂ ಇತ್ತು, ನೀರೂ ಇತ್ತು, ಶತ್ರು ಬರುವ ದಾರಿಯೂ ಕಾಣುತ್ತಿತ್ತು, ಇನ್ನೇನು ಬೇಕು ಎಂದು ಪ್ಲಂಬ್ ಬಾಬ್ ಸೈಟ್ ಇನ್‌ಸ್ಪೆಕ್ಷನ್ನಿಗೆ ಬಂದವರ ಹಾಗೆ ಒಪ್ಪಿಗೆ ಕೊಟ್ಟರು. ಅಷ್ಟೆಲ್ಲ ಇದ್ದೂ 642ರಲ್ಲಿ ಪಲ್ಲವರ ನರಸಿಂಹವರ್ಮ ಬಂದು ವಾತಾಪಿಯನ್ನು, ಅಂದರೆ ಇದೇ ಬಾದಾಮಿಯನ್ನು, ಹಿಡಿದ ಎಂದು ನಾನು ನೆನಪಿಸಿದೆ. 'ಮೇಂಟೆನನ್ಸ್ ಇರಲಿಲ್ಲ ಕಾಣ್ತದ' ಎಂದರು.

ಎರಡನೇ ದಿನ, ಸೋಮವಾರ

ಗುಹೆಗಳ ದಿನ. ಟಿಕೆಟ್ ಕೌಂಟರಿನ ಹತ್ತಿರ ನಿಂತು ಮೇಲೆ ನೋಡಿದಾಗಲೇ ಗುಂಪು ತಾನಾಗಿ ಎರಡಾಯಿತು. ಹತ್ತುವವರು, ಹತ್ತದವರು. ಹತ್ತುವವರ ಮುಂದಾಳು ಚೈನ್ ವೈನಿ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ. ಅವರ ಹಿಂದೆ ಪ್ಲಂಬ್ ಬಾಬ್, ನಮ್ಮನೆಯವರು, ಇನ್ನು ಹತ್ತು ಹನ್ನೆರಡು ಜನ. ಕೆಳಗುಳಿದವರು ಐವರು: ನಾನು, ಡಂಪಿ, ಬೈಪಾಸ್ ಆದ ನ್ಯೂಜೆರ್ಸಿ, ಪುಣೆಯ ದಂಪತಿ.

ನಾನು ಒಮ್ಮೆ, ಮಂಡಿ ಗಟ್ಟಿಯಿದ್ದಾಗ, ಶಾಲೆಯ ಮಕ್ಕಳನ್ನು ಕರೆದುಕೊಂಡು ಮೇಲೆ ಹೋಗಿದ್ದೆ. ಮೊದಲ ಗುಹೆಯ ಹೊರಗೆ ಹದಿನೆಂಟು ಕೈಯ ನಟರಾಜ. ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಆದಿಶೇಷನ ಮೇಲೆ ಮಲಗದೆ ಕೂತಿರುವ ವಿಷ್ಣು ಅಲ್ಲಿದ್ದಾನೆ. ಮಂಗಳೇಶ 578ರಲ್ಲಿ ಬರೆಸಿದ ಶಾಸನವೂ ಅಲ್ಲೇ, ಗುಹೆ ಯಾವಾಗ ಕೊರೆದದ್ದೆಂದು ನಾವು ಊಹಿಸುವ ಕೆಲಸವನ್ನೇ ತಪ್ಪಿಸಿದ್ದಾನೆ. ನಾಲ್ಕನೆಯದು ಜೈನರದು. ಅದೆಲ್ಲ ನೋಡಿದ್ದೇ ಎಂದು ಸಮಾಧಾನ ಮಾಡಿಕೊಂಡು ಮರದ ಕೆಳಗೆ ಕೂತೆ. ಕೂತ ಮೇಲೆ ತಿಳಿಯಿತು, ಇಷ್ಟು ವರ್ಷದ ಕೂಟಗಳಲ್ಲಿ ನಾನು ಡಂಪಿಯ ಜೊತೆ ಒಂದು ಗಂಟೆ ಕೂತು ಮಾತಾಡಿಯೇ ಇರಲಿಲ್ಲ.

ಡಂಪಿ ತೆಗೆದದ್ದು ಮೂರನೇ ವರ್ಷದ ಸರ್ವೆ ಕ್ಯಾಂಪಿನ ಕಥೆ. ಕೆರೆಯ ಸುತ್ತ ಅಳೆದುಕೊಂಡು ಬಂದು ಹೊರಟ ಬಿಂದುವಿಗೇ ಸೇರಬೇಕು. ಇವರ ಬ್ಯಾಚಿನದು ಸೇರಲಿಲ್ಲ. ಅದಕ್ಕೆ ಕ್ಲೋಸಿಂಗ್ ಎರರ್ ಅನ್ನುತ್ತಾರೆ. ರಾತ್ರಿ ಪೆಟ್ರೋಮ್ಯಾಕ್ಸ್ ಹಚ್ಚಿಕೊಂಡು, ಲೆಕ್ಕ ಕೂಡುವಂತೆ ಅಂಕಿಗಳನ್ನು ಬೇಯಿಸಿದರು. 'ಅಡುಗಿ ಭಟ್ಟ ಯಾರಂತೀರಿ?' ಎಂದು ಕೇಳಿ ಡಂಪಿ ನನ್ನನ್ನೇ ನೋಡಿದರು. ಮನೆಯಲ್ಲಿ ಹಾಲಿನ ಲೆಕ್ಕ ಒಂದು ರೂಪಾಯಿ ತಪ್ಪಿದರೂ ಚೀಟಿ ಹುಡುಕುವ ನಮ್ಮ ಯಜಮಾನರು! ಈ ಕಥೆ ನನ್ನೆದುರು ಯಾವ ಕೂಟದಲ್ಲೂ ಬಂದಿರಲಿಲ್ಲ. ನ್ಯೂಜೆರ್ಸಿಯವರು ನಗಲಿಲ್ಲ. ಆ ರಾತ್ರಿಯೇ ತಂದೆ ತೀರಿಕೊಂಡ ತಂತಿ ಬಂದದ್ದು, ಫೀಸಿಗೆ ದುಡ್ಡಿಲ್ಲವೆಂದು ಕಾಲೇಜು ಬಿಡಲು ಹೊರಟದ್ದು, ನಾಲ್ವರು ಸೇರಿ ಫೀಸು ಕಟ್ಟಿದ್ದು ಎಲ್ಲ ಹೇಳಿದರು. ಆ ನಾಲ್ವರಲ್ಲಿ ಒಬ್ಬರು ಚೈನ್. 'ಆಕೀಗೆ ಇದು ಗೊತ್ತಿಲ್ಲ, ಹೇಳಬ್ಯಾಡ ಅಂತ ಆಣಿ ಹಾಕಿಸ್ಕೊಂಡಿದ್ದ' ಎಂದು ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತರು.

ಅಷ್ಟರಲ್ಲಿ ಕೋತಿ ಬಂತು. ಬಾದಾಮಿಯ ಕೋತಿಗಳಿಗೆ ಯಾರ ಕೈ ನಡುಗುತ್ತದೆಂದು ಗೊತ್ತು. ಪುಣೆಯವರ ಮಡಿಲಲ್ಲಿದ್ದ ಹಸಿರು ಚೀಲ ಎಗರಿಸಿ ಗೋಡೆ ಏರಿ, ಜಿಪ್ ಕಚ್ಚಿ, ಒಂದೊಂದೇ ಸ್ಟ್ರಿಪ್ ತೆಗೆದು ಮೂಸಿ ಕೆಳಗೆ ಎಸೆಯಿತು. ಒಂದು ಹಾಳೆ ಮಾತ್ರ ಬಹಳ ಹೊತ್ತು ಬೆಳಕಿಗೆ ಹಿಡಿದು ನೋಡಿತು, ಎಕ್ಸ್‌ಪೈರಿ ದಿನಾಂಕ ಓದುವಂತೆ. ಆಮೇಲೆ ಅದನ್ನು ಹಿಡಿದುಕೊಂಡೇ ಓಡಿತು. ಹೋದದ್ದು ಬಿಪಿ ಮಾತ್ರೆ, ಟೆಲ್ಮಿಸಾರ್ಟನ್ 40. ಪುಣೆ ವೈನಿಗೆ ಅಳು ಬರುವುದೊಂದು ಬಾಕಿ. ಡಂಪಿ ಜೇಬಿನಿಂದ ತೆಗೆದರು: ಟೆಲ್ಮಿಸಾರ್ಟನ್ 40. ನಾನು ಪರ್ಸ್ ತೆಗೆದೆ: ಅದೇ. ನ್ಯೂಜೆರ್ಸಿಯದೂ ಅದೇ, ಹೆಸರು ಬೇರೆ. ಅವರ ಡಾಕ್ಟರಿಗೆ ಫೋನ್ ಹಚ್ಚಿ ಕೇಳಿ, ನಾಲ್ಕು ದಿನಕ್ಕಾಗುವಷ್ಟು ಅಲ್ಲೇ ಚಂದಾ ಎತ್ತಿದೆವು.

ಮೇಲಿನವರು ಇಳಿದು ಬಂದಾಗ ಜಗಳವಾಡುತ್ತ ಬಂದರು. ಮೆಟ್ಟಿಲು ಎಷ್ಟು ಎಂಬುದಕ್ಕೆ ಪ್ಲಂಬ್ ಬಾಬ್ ಲೆಕ್ಕಕ್ಕೂ ನಮ್ಮನೆಯವರ ಲೆಕ್ಕಕ್ಕೂ ಹನ್ನೊಂದರ ವ್ಯತ್ಯಾಸ. 'ಕ್ಲೋಸಿಂಗ್ ಎರರ್' ಎಂದೆ ನಾನು. ಇವರು ನನ್ನನ್ನೂ ಡಂಪಿಯನ್ನೂ ಸರದಿಯಲ್ಲಿ ನೋಡಿದರು. ಥಿಯೋಡೋಲೈಟ್ ಅಂತ ಯಾಕೆ ಕರೆಯುತ್ತಾರೆಂದು ಆಗ ನಿಜವಾಗಿ ಗೊತ್ತಾಯಿತು.

ಮೂರನೇ ದಿನ, ಮಂಗಳವಾರ

ಟೆಂಪೊ ಟ್ರಾವೆಲರ್ ಎರಡು. ಬೆಳಗ್ಗೆ ಪಟ್ಟದಕಲ್ಲು, ಆಮೇಲೆ ಐಹೊಳೆ, ಸಂಜೆ ಕೂಡಲಸಂಗಮ. ಎಪ್ಪತ್ತು ದಾಟಿದವರಿಗೆ ಇದು ಹೆಚ್ಚು ಎಂದು ನಾನು ಗುಂಪಿನಲ್ಲಿ ಬರೆದಿದ್ದೆ, ಹೆಬ್ಬೆರಳಿನ ಚಿತ್ರ ಹಾಕಿ ಎಲ್ಲರೂ ಒಪ್ಪಿದರು, ಕಾರ್ಯಕ್ರಮ ಮಾತ್ರ ಬದಲಾಗಲಿಲ್ಲ.

ಪಟ್ಟದಕಲ್ಲಿನಲ್ಲಿ ಹತ್ತುವ ಪ್ರಶ್ನೆ ಇಲ್ಲ. ಹುಲ್ಲಿನ ಅಂಗಳದಲ್ಲಿ ಗುಡಿಗಳ ಸಾಲು, ಪಕ್ಕದಲ್ಲಿ ಮಲಪ್ರಭೆ. ಉತ್ತರದ ಶಿಖರವೂ ದಕ್ಷಿಣದ ಶಿಖರವೂ ಒಂದೇ ಅಂಗಳದಲ್ಲಿ ನಿಂತಿರುವುದನ್ನು ನೋಡಲು ಜನ ಎಲ್ಲೆಲ್ಲಿಂದಲೋ ಬರುತ್ತಾರೆ. 1987ರಲ್ಲೇ ಯುನೆಸ್ಕೋ ಪಟ್ಟಿಗೆ ಸೇರಿತು. ನಾನು ನಿಂತದ್ದು ವಿರೂಪಾಕ್ಷ ಗುಡಿಯ ಮುಂದೆ. ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ. ಮೊದಲಿದ್ದ ಹೆಸರು ಲೋಕೇಶ್ವರ.

'ಅಂದ್ರ ಗೆದ್ದಾಂವ ಗಂಡ, ಹೆಸರು ತನ್ನದು?' ಎಂದು ಚೈನ್ ವೈನಿ ಕೇಳಿದರು.

'ಹೌದು. ಪಕ್ಕದ ಮಲ್ಲಿಕಾರ್ಜುನ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು. ಅದೂ ಮೊದಲು ತ್ರೈಲೋಕೇಶ್ವರ.'

'ಶಾಣ್ಯಾರು ಬಿಡ್ರಿ.'

ಆಗ ನನಗೆ ನಾಚಿಕೆಯಾಯಿತು. ನಲವತ್ತು ವರ್ಷದಿಂದ ಈಕೆಯನ್ನು ಚೈನ್ ವೈನಿ ಎಂದೇ ಬಲ್ಲೆ. ನಿಮ್ಮ ಹೆಸರೇನು ಎಂದು ಕೇಳಿಯೇ ಬಿಟ್ಟೆ. ಹೇಳಿದರು. ಇದನ್ನೆಲ್ಲ ಬರೆಯುತ್ತೇನೆ ಎಂದಾಗ ಹೆಸರು ಹಾಕಬ್ಯಾಡ್ರಿ ಎಂದರು, ಹಾಕುವುದಿಲ್ಲ. ಅಂದಿನಿಂದ ನಾನು ಕರೆಯುವುದು ಮಾತ್ರ ಆ ಹೆಸರಿನಲ್ಲೇ.

ಗಂಡಸರಿಗೆ ಹಿಡಿಸಿದ್ದು ಬೇರೆ. ಗುಡಿಯನ್ನು ಕಟ್ಟಿದ ಸೂತ್ರಧಾರಿಯ ಹೆಸರನ್ನೂ ಶಾಸನ ಹೇಳುತ್ತದೆ: ಗುಂಡ ಅನಿವಾರಿತಾಚಾರಿ. ಇವರೆಲ್ಲ ಸೇರಿ ಕಟ್ಟಿದ ಸೇತುವೆ, ಕಾಲುವೆ, ಶಾಲೆ, ಆಸ್ಪತ್ರೆಗಳ ಮೇಲೆ ಕಲ್ಲಿನಲ್ಲಿ ಇರುವುದು ಉದ್ಘಾಟಿಸಿದವರ ಹೆಸರು. ಪ್ಲಂಬ್ ಬಾಬ್ ಬಹಳ ಹೊತ್ತು ಅಲ್ಲೇ ನಿಂತಿದ್ದರು. 'ಗುಂಡ ಅಂದ್ರ ನಮ್ಮಾಂವನ' ಎಂದರು. ಪ್ಲಂಬ್ ಬಾಬಿಗೆ ಕನ್ನಡದಲ್ಲಿ ತೂಗುಗುಂಡು ಅನ್ನುವುದುಂಟು.

ಐಹೊಳೆಯ ದಾರಿಯಲ್ಲಿ ಹೊಲಗಳ ತುಂಬ ಜನ. ಶೀಗಿ ಹುಣ್ಣಿಮೆ. ಭೂಮಿತಾಯಿಗೆ ಪೂಜೆ ಮಾಡಿ, ಚರಗ ಚೆಲ್ಲಿ, ಅಂದರೆ ಎಡೆಯನ್ನು ಹೊಲದ ತುಂಬ ಎರಚಿ, ಹೊಲದಲ್ಲೇ ಕೂತು ಉಣ್ಣುವ ಹಬ್ಬ. ಗಾಡಿ ನಿಲ್ಲಿಸಿ ಫೋಟೊ ತೆಗೆಯಲು ಹೋದವರನ್ನು ಒಬ್ಬ ಅಜ್ಜಿ ಗದರಿಸಿದಳು. ಹಬ್ಬದ ದಿನ ಬಂದು ಹೊಲದ ಬದುವಿನ ಮೇಲೆ ನಿಂತು ಹೋಗುವವರುಂಟೇ? ಇಪ್ಪತ್ತು ಜನ ಇದ್ದೇವೆ ಎಂದರೆ, ಇರ್ರಿ, ಏನಾತು ಎಂದಳು. ಆದರೂ ಸಂಕೋಚಪಟ್ಟು ಒಬ್ಬೊಬ್ಬರು ಅರ್ಧ ಹೋಳಿಗೆ, ಒಂದು ತುತ್ತು ಪುಂಡಿಪಲ್ಯದಲ್ಲಿ ಮುಗಿಸಿದೆವು. ನೆಲಕ್ಕೆ ಕೂರಲಾಗದ ನಾವು ಐವರಿಗೆ ಎತ್ತಿನ ಗಾಡಿಯ ಮೂಕಿಯೇ ಬೆಂಚು.

ಐಹೊಳೆಯನ್ನು ಅವಸರದಲ್ಲಿ ಮುಗಿಸಿದೆವು. ದುರ್ಗ ಗುಡಿಯ ಹೆಸರು ದೇವಿಯದಲ್ಲ, ಕೋಟೆಯದು ಎಂದು ಹೇಳಿ ಮೇಷ್ಟರಗಿರಿ ತೀರಿಸಿಕೊಂಡೆ. ಮೇಗುತಿ ಗುಡ್ಡದ ಮೇಲೆ 634ರ ರವಿಕೀರ್ತಿಯ ಶಾಸನವಿದೆ, ಕಾಳಿದಾಸ ಭಾರವಿಯರಂಥ ಕೀರ್ತಿ ತನಗೂ ಉಂಟೆಂದು ಬರೆದುಕೊಂಡಿದ್ದಾನೆ. ಅದಕ್ಕೂ ಹತ್ತಿ ಹೋಗಬೇಕು. ಹೋದವರು ನಾಲ್ವರು, ಅವರಲ್ಲಿ ಹೆಸರು ಬೇಡವೆಂದ ಈಕೆ ಒಬ್ಬರು. ಅಮೀನಗಡದಲ್ಲಿ ಕರದಂಟು ಕೊಂಡೆವು. ಅಂಟು ಎಷ್ಟು, ಬೆಲ್ಲ ಎಷ್ಟು ಎಂದು ಹನ್ನೊಂದು ಇಂಜಿನಿಯರುಗಳು ಅಂಗಡಿಯವನ ತಲೆ ತಿಂದದ್ದು ಬೇರೆ ಕಥೆ.

ಕೂಡಲಸಂಗಮ ತಲುಪಿದಾಗ ಹೊತ್ತು ಇಳಿದಿತ್ತು. ಕೃಷ್ಣೆ, ಮಲಪ್ರಭೆ ಎರಡೂ ಸೇರಿ ಕಣ್ಣಿಗೆ ಸಮುದ್ರ. ಬಸವಣ್ಣನವರ ಐಕ್ಯಮಂಟಪ ನಾರಾಯಣಪುರ ಅಣೆಕಟ್ಟೆಯ ಹಿನ್ನೀರಿನೊಳಗೆ ಬರುತ್ತದೆಂದು ಸುತ್ತ ಬಾವಿಯಂತೆ ಗೋಡೆ ಎಬ್ಬಿಸಿದ್ದಾರೆ. ಸೇತುವೆಯ ಮೇಲೆ ನಡೆದು ಹೋಗಿ ಒಳಗೆ ಮೆಟ್ಟಿಲು ಇಳಿಯಬೇಕು. ಇಳಿಯುವುದು ನನಗೆ ಹತ್ತುವುದಕ್ಕಿಂತ ಕಷ್ಟ, ಮೇಲೆಯೇ ಉಳಿದೆ. ಅಚ್ಚರಿಯೆಂದರೆ ಎಲ್ಲ ಗುಡ್ಡ ಹತ್ತಿದ ಈಕೆಯೂ ಉಳಿದರು.

'ನೀವು ಹೋಗ್ಬನ್ನಿ, ನಾನು ಚೀಲ ಕಾಯ್ತೀನಿ' ಎಂದೆ.

'ನಾ ಒಲ್ಲೆರಿ. ನೀರಿನ ಮಟ್ಟಕ್ಕಿಂತ ಕೆಳಗ ಹೋಗೂದು ನನಗ ಆಗೂದಿಲ್ಲ.'

ಅವರ ತವರುಮನೆ ಹಳೇ ಬಾಗಲಕೋಟೆ. ಆಲಮಟ್ಟಿಯ ಹಿನ್ನೀರು ಊರಿನ ಒಂದು ಭಾಗವನ್ನು ತೆಗೆದುಕೊಂಡಾಗ ಅವರ ಓಣಿಯೂ ಹೋಯಿತು. ಸರ್ವೆಯವರು ಬಂದು ಗೋಡೆಯ ಮೇಲೆ ನಂಬರು ಬರೆದರು. ಅಮ್ಮ ಪ್ರತಿ ದೀಪಾವಳಿಗೂ ಸುಣ್ಣ ಬಳಿಯುವಾಗ ನಂಬರಿನ ಸುತ್ತ ಬಿಟ್ಟು ಬಳಿಯುತ್ತಿದ್ದಳಂತೆ, ಅಳಿಸಿದರೆ ಪರಿಹಾರ ತಪ್ಪೀತೆಂದು. ವರ್ಷಗಳು ಕಳೆದ ಹಾಗೆ ಸುಣ್ಣ ಪದರ ಪದರವಾಗಿ ದಪ್ಪಗಾಗಿ, ನಂಬರು ಒಳಗೆ ತಗ್ಗಿನಲ್ಲಿ ಉಳಿಯಿತು, ಗೂಡಿನ ಹಾಗೆ. 'ನಮ್ಮನಿಯವರೂ ಅದ ಯೋಜನಾದಾಗ ಇದ್ರು. ನಂಬರ್ ಬರಿಯೋ ಕೆಲಸ ಅವರದಲ್ಲ, ಆದ್ರೂ ನಮ್ಮವ್ವ ಅಳಿಯನ ಕೂಡ ಎರಡು ವರ್ಷ ಸರಿಯಾಗಿ ಮಾತಾಡಲಿಲ್ಲ.'

ಮೇಲೆ ಬಂದ ನಮ್ಮನೆಯವರು ಕೊನೆಯ ಮಾತು ಕೇಳಿಸಿಕೊಂಡು, ಇದು ನಾರಾಯಣಪುರದ ನೀರು, ಬಾಗಲಕೋಟೆಯದು ಆಲಮಟ್ಟಿಯದು, ಎರಡೂ ಬೇರೆ, ಆಲಮಟ್ಟಿಯ ನೀರಿನ ಮಟ್ಟ 519.60 ಮೀಟರ್ ಎಂದು ವಿವರಿಸಲು ಹೊರಟರು.

'ನೀರಿಗೇನ್ ಹೆಸರಿರ್ತದೇನ್ರಿ ಅಣ್ಣಾರ' ಎಂದರು ಆಕೆ, ಮೆಲ್ಲಗೆ. ಇವರು ಸುಮ್ಮನಾದರು. ಅಂಥದು ಅಪರೂಪ.

ಬರುವಾಗ ವ್ಯಾನಿನಲ್ಲಿ ಕತ್ತಲೆ, ಹೊರಗೆ ತುಂಬು ಚಂದ್ರ. ನ್ಯೂಜೆರ್ಸಿಯವರು ತಮ್ಮ ಸೀಟಿನಿಂದ ಎದ್ದು ಹೋಗಿ ಆಕೆಯ ಪಕ್ಕ ಕೂತು ಏನೋ ಹೇಳುತ್ತಿದ್ದರು. ಫೀಸಿನ ವಿಷಯವೇ ಇರಬೇಕು. ನಾನು ಕಿವಿ ಕೊಡಲಿಲ್ಲ. ಕೊಡಬೇಕೆಂದರೂ ಡಂಪಿಯ ಗೊರಕೆ ಬಿಡುತ್ತಿರಲಿಲ್ಲ.

ನಾಲ್ಕನೇ ದಿನ, ಬುಧವಾರ

ನನ್ನ ಸ್ವಾರ್ಥದ ವಿಷಯ. ಕಪ್ಪೆ ಅರಭಟ್ಟನ ಶಾಸನ ಬಾದಾಮಿಯಲ್ಲಿದೆ, ಕೆರೆಯ ಈಶಾನ್ಯಕ್ಕೆ, ತಟ್ಟುಕೋಟೆಯ ಕಡೆಯ ಬಂಡೆಯ ಮೇಲೆ. ಸುಮಾರು 700ರ ಕಾಲದ್ದು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಬಲು ಹಳೆಯ ತ್ರಿಪದಿಗಳು ಅಲ್ಲಿವೆ. ಮಕ್ಕಳನ್ನು ಕರೆದುಕೊಂಡು ಬಂದಾಗ ಬಸ್ಸಿಗೆ ಹೊತ್ತಾಯಿತೆಂದು ನೋಡದೆ ಹೋಗಿದ್ದೆ. ತರಗತಿಯಲ್ಲಿ 33 ವರ್ಷ ಹೇಳಿದ ಪದ್ಯವನ್ನು ಕಲ್ಲಿನ ಮೇಲೆ ಒಮ್ಮೆ ನೋಡಬೇಕೆಂಬ ಆಸೆ.

ಬುಡದವರೆಗೆ ಹೋದೆ. ಮಂಡಿ ಅಲ್ಲಿಗೆ ಸಾಕು ಎಂದಿತು. ನಮ್ಮ ಕಾಯಂ ಐವರೂ ಅಲ್ಲೇ, ಚಹಾದ ಗೂಡಂಗಡಿಯ ಪಕ್ಕದ ಕಲ್ಲುಕಟ್ಟೆಯ ಮೇಲೆ ಕೂತೆವು. ಈಕೆ ನನ್ನ ಫೋನನ್ನು ಡಂಪಿಯ ಕೈಗೆ ಕೊಟ್ಟು, ತಮ್ಮದನ್ನು ಹಿಡಿದು ಹೊರಟರು. ಹತ್ತು ನಿಮಿಷಕ್ಕೆ ವಿಡಿಯೊ ಕಾಲ್ ಬಂತು. ಮೊದಲು ಆಕಾಶ, ಆಮೇಲೆ ಅವರ ಮೂಗು, ಆಮೇಲೆ ಬಂಡೆ.

'ಅಕ್ಕೋರ, ಉಂಡುಂಡಗ ಏನೋ ಅದಾವ್ರಿ, ಜಿಲೇಬಿ ಗತೆ. ಇವನ ಏನು?'

ಅವೇ. ಬಿಸಿಲು ಓರೆಯಾಗಿ ಬಿದ್ದು ಅಕ್ಷರಗಳ ಹಳ್ಳದಲ್ಲಿ ನೆರಳು ನಿಂತಿತ್ತು. ಆಕೆ ಫೋನನ್ನು ಸಾಲಿನುದ್ದಕ್ಕೂ ನಿಧಾನಕ್ಕೆ ಸರಿಸುತ್ತ ಹೋದರು. ನಾನು ಓದಿದೆನೋ, ಬಾಯಿಪಾಠ ಒಪ್ಪಿಸಿದೆನೋ ಹೇಳಲಾರೆ. 'ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ, ಬಾಧಿಪ್ಪ ಕಲಿಗೆ...' ಅಲ್ಲಿಗೆ ಚಿತ್ರ ನಿಂತಿತು. ನೆಟ್‌ವರ್ಕ್ ಹೋಯಿತು. ಪರದೆಯ ಮೇಲೆ ಒಂದು ಅರ್ಧ ಅಕ್ಷರ ಹಾಗೇ ಉಳಿಯಿತು.

'ಬಾಧಿಪ್ಪ ಕಲಿಗೆ? ಮುಂದ?' ಎಂದರು ಡಂಪಿ.

'ಕಲಿಯುಗ ವಿಪರೀತನ್, ಮಾಧವನೀತನ್ ಪೆರನಲ್ಲ.'

'ಅಂದ್ರ?'

'ಒಳ್ಳೆಯವರಿಗೆ ಒಳ್ಳೆಯವನು, ಸವಿಯಾದವರಿಗೆ ಸವಿಯಾದವನು. ಪೀಡಿಸುವ ದುಷ್ಟನಿಗೆ ಮಾತ್ರ ಈ ಕಲಿಯುಗವನ್ನೇ ಮೀರಿ ನಿಲ್ಲುವವನು. ಸಾಕ್ಷಾತ್ ಮಾಧವ, ಬೇರೆ ಅಲ್ಲ.'

'ಕಪ್ಪಿ ಅಂತ ಹೆಸರಿಟ್ಕೊಂಡು ಇಷ್ಟೆಲ್ಲ? ಅದೂ ಹಾಸ್ಟೆಲಿನ್ಯಾಗ ಇಟ್ಟ ಹೆಸರ ಇರಬೇಕು ಬಿಡ್ರಿ' ಎಂದರು ನ್ಯೂಜೆರ್ಸಿ. ಪುಣೆಯವರು ಪದ್ಯವನ್ನು ಇನ್ನೊಮ್ಮೆ ಹೇಳಿಸಿ ರೆಕಾರ್ಡ್ ಮಾಡಿಕೊಂಡರು.

ಸಂಜೆಯ ರೈಲಿಗೆ ಇನ್ನೂ ಹೊತ್ತಿತ್ತು. ಆಕೆ ಇಳಿದು ಬರುವುದು ದೂರದಿಂದಲೇ ಕಾಣುತ್ತಿತ್ತು, ನೀಲಿ ಇಳಕಲ್ ಸೀರೆ, ಕೆಂಪು ಸೆರಗು ಸೊಂಟಕ್ಕೆ. ಹತ್ತಿರ ಬಂದು ಸೆರಗು ಬಿಚ್ಚಿ ಮುಖ ಒರೆಸಿಕೊಂಡರು. ಈ ನಾಲ್ಕು ದಿನದಲ್ಲಿ ಮೊದಲ ಸಲ ಏದುಸಿರು ಬಿಡುತ್ತಿದ್ದರು.

'ಸರೀರಿ ಸ್ವಲ್ಪ' ಎಂದು ನನಗೂ ಡಂಪಿಗೂ ನಡುವೆ ಜಾಗ ಮಾಡಿಸಿಕೊಂಡು ಕೂತರು. ಡಂಪಿ ಅಂಗಡಿಯವನಿಗೆ ರೂಢಿಯಂತೆ ಐದು ಚಹಾ ಎಂದು ಕೂಗಿದರು. ಆರು ಎಂದು ತಿದ್ದಿದೆ.